ಹನ್ನೊಂದು ಏಜೆಂಟ್ ಬರೆದಿದ್ದೇವೆ, ಯಾವುದು ಏನು ಮಾಡಬೇಕು ಅಂತ ನಮಗೇ ಗೊತ್ತಿಲ್ಲ. ಇದಕ್ಕೆ ಒಂದು ಪದ್ಧತಿ ಅಂತ ಇದೆಯಾ?

ಗೊಂದಲಗಾರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾವು ನಾಲ್ಕು ಜನ. ಗೋದಾಮಿನಲ್ಲಿ ಸಾಮಾನು ಸಾಗಿಸುವ ರೋಬೋಟ್‌ಗಳಿಗೆ ಕೆಲಸ ಹಂಚುವ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಸದ್ಯಕ್ಕೆ ಎಲ್ಲಾ ಸಿಮ್ಯುಲೇಟರ್‌ನಲ್ಲೇ, 40 ರೋಬೋಟ್, 6 ಚಾರ್ಜಿಂಗ್ ಪಾಯಿಂಟ್. ಮೊದಲ ದಿನವೇ ಬೋರ್ಡ್ ಮುಂದೆ ನಿಂತು ಹನ್ನೊಂದು ಬಗೆಯ ಏಜೆಂಟ್ (ತನ್ನ ಕೆಲಸವನ್ನು ತಾನೇ ನಿರ್ಧರಿಸುವ ಪ್ರೋಗ್ರಾಂ) ಬರೆದುಬಿಟ್ಟೆವು. ಆರ್ಡರ್ ಏಜೆಂಟ್, ದಾರಿ ಏಜೆಂಟ್, ಬ್ಯಾಟರಿ ಏಜೆಂಟ್, ಲಾಗ್ ಏಜೆಂಟ್, ಹೀಗೆ. ಕೊನೆಯಲ್ಲಿ 'ಸಮನ್ವಯ ಏಜೆಂಟ್' ಅಂತ ಒಂದಿದೆ. ಅದರ ಕೆಲಸ ಏನು ಅಂತ ಕೇಳಿದರೆ ಇವತ್ತಿಗೂ ನಾಲ್ಕು ಜನ ನಾಲ್ಕು ಉತ್ತರ ಕೊಡುತ್ತೇವೆ.

ಮೊನ್ನೆ ರಾತ್ರಿಯಿಡೀ ಓಡಲು ಬಿಟ್ಟು ಹೋದೆವು. ಬೆಳಿಗ್ಗೆ ಬಂದು ನೋಡಿದರೆ 31 ರೋಬೋಟ್ ಚಾರ್ಜಿಂಗ್ ಜಾಗದ ಮುಂದೆ ಸಾಲಾಗಿ ನಿಂತಿವೆ, ಆರ್ಡರ್ ಒಂದೂ ಹೋಗಿಲ್ಲ. ಕೋಡ್‌ನಲ್ಲಿ ತಪ್ಪು ಹುಡುಕಿದೆವು, ಸಿಗಲಿಲ್ಲ. ಬ್ಯಾಟರಿ 30 ಶೇಕಡಾಕ್ಕಿಂತ ಕೆಳಗಿಳಿದರೆ ಚಾರ್ಜ್‌ಗೆ ಹೋಗು, ಇಷ್ಟೇ ನಿಯಮ. ಎಲ್ಲವೂ ಒಟ್ಟಿಗೆ ಫುಲ್ ಚಾರ್ಜ್‌ನಲ್ಲಿ ಹೊರಟವು, ಹೆಚ್ಚು ಕಮ್ಮಿ ಒಟ್ಟಿಗೇ ಇಳಿದವು, ಒಟ್ಟಿಗೇ ಬಂದವು. ಒಂದೊಂದೂ ಸರಿಯಾಗಿಯೇ ನಡೆದುಕೊಂಡಿದೆ, ಒಟ್ಟಾರೆ ಮಾತ್ರ ಕೆಟ್ಟುಹೋಗಿದೆ.

ಏಜೆಂಟ್ ಸಿಸ್ಟಮ್ ಕಟ್ಟಲಿಕ್ಕೆ ಅಂತಲೇ ಗಾಯಾ, ಟ್ರೋಪೋಸ್, ಪ್ರೊಮೀಥಿಯಸ್, ಮಾಸೆ, ಪಾಸ್ಸಿ ಅಂತ ಪದ್ಧತಿಗಳಿವೆಯಂತೆ. ಇವನ್ನು ಯಾರಾದರೂ ನಿಜವಾಗಿ ಬಳಸಿದ್ದೀರಾ? ಅಥವಾ ಪ್ರಬಂಧ ಬರೆಯುವವರ ಪಾಡಿಗೆ ಅವರಿಗೆ ಬಿಟ್ಟುಬಿಡೋಣವಾ?

ಶೂನ್ಯಸೂಚಿ
ಬಿಟ್ಟುಬಿಡಿ. ಒಂದು ಕ್ಯೂ, ಕೆಲಸ ಹಂಚಲು ಒಂದು ಷೆಡ್ಯೂಲರ್. ಮುಗಿಯಿತು. ನಿಮಗೆ ಏಜೆಂಟೇ ಬೇಡ.

ರಾತ್ರಿಪಾಳಿ
ಹತ್ತು ಜನರ ಮಧ್ಯೆ ಹಾವು ಸಾಯಲ್ಲ ಅಂತಾರಲ್ಲ, ನಿಮ್ಮಲ್ಲಿ ಹನ್ನೊಂದು.

ಹಳೇಜಾವಾ
ಶೂನ್ಯಸೂಚಿ ಹೇಳಿದ್ದು ಅರ್ಧ ನಿಜ. 'ಲಾಗ್ ಏಜೆಂಟ್' ಅಂತ ಓದಿದಾಗಲೇ ನನಗೆ ನಗು ಬಂತು. ಅದು ತಾನಾಗಿ ಏನನ್ನಾದರೂ ನಿರ್ಧಾರ ಮಾಡುತ್ತದಾ? ಯಾರಿಗಾದರೂ 'ಆಗಲ್ಲ' ಅನ್ನುತ್ತದಾ? ಇಲ್ಲ ತಾನೇ. ಹಾಗಿದ್ದರೆ ಅದು ಫಂಕ್ಷನ್. ಆಬ್ಜೆಕ್ಟ್‌ಗೂ ಏಜೆಂಟ್‌ಗೂ ನಾನು ಇಟ್ಟುಕೊಂಡಿರುವ ವ್ಯತ್ಯಾಸ ಇಷ್ಟೇ. ಮೆಥಡ್ ಕರೆದರೆ ಆಬ್ಜೆಕ್ಟ್ ಮಾಡಲೇಬೇಕು. ಏಜೆಂಟ್‌ಗೆ ಕೇಳಿಕೊಳ್ಳಬೇಕು, ಮಾಡುವುದು ಬಿಡುವುದು ಅದರ ಲೆಕ್ಕಾಚಾರ.

ಏಜೆಂಟ್ ಸಂಶೋಧಕರಾದ ವುಲ್ಡ್ರಿಜ್ ಮತ್ತು ಜೆನ್ನಿಂಗ್ಸ್ 1998ರಲ್ಲೇ ಏಜೆಂಟ್ ಯೋಜನೆಗಳು ಎಲ್ಲೆಲ್ಲಿ ಎಡವುತ್ತವೆ ಅಂತ ಒಂದು ಪ್ರಬಂಧ ಬರೆದಿದ್ದರು. ಎಲ್ಲಿ ನೋಡಿದರಲ್ಲಿ ಏಜೆಂಟ್ ಕಾಣುವುದು, ಏಜೆಂಟ್ ಜಾಸ್ತಿ ಆಗುವುದು, ಎಲ್ಲಾ ಅದರಲ್ಲಿದೆ. ಬಹಳ ಕಮ್ಮಿ ಆಗುವುದೂ ಒಂದು ತಪ್ಪು ಅಂತ ಸೇರಿಸಿದ್ದಾರೆ. ಓದಿದರೆ ನಿಮ್ಮ ಬೋರ್ಡ್ ನೋಡಿಯೇ ಬರೆದ ಹಾಗಿದೆ.

ಶೂನ್ಯಸೂಚಿ
ಅದನ್ನೇ ನಾನೂ ಹೇಳಿದ್ದು, ಒಂದು ಸಾಲಿನಲ್ಲಿ.

ಪಾಠದಮೇಡಂ
ಇಲ್ಲ, ನೀವು ಹೇಳಿದ್ದು ಬೇರೆ :) 40 ರೋಬೋಟ್, ಒಂದೊಂದಕ್ಕೂ ತನ್ನ ಬ್ಯಾಟರಿ, ತನ್ನ ಜಾಗ, ನಡುವೆ ನೆಟ್‌ವರ್ಕ್ ಹೋಗಬಹುದು, ಒಂದು ಕೆಟ್ಟು ನಿಲ್ಲಬಹುದು. ಎಲ್ಲದಕ್ಕೂ ಒಂದೇ ಷೆಡ್ಯೂಲರ್ ಅಂದರೆ ಅದು ಬಿದ್ದ ದಿನ ಗೋದಾಮೇ ನಿಂತುಹೋಗುತ್ತದೆ. ಏಜೆಂಟ್ ಆಗಿ ಯೋಚಿಸಲಿಕ್ಕೆ ಇಲ್ಲಿ ಕಾರಣ ಇದೆ. ಹನ್ನೊಂದು ಬಗೆಗೆ ಮಾತ್ರ ಇಲ್ಲ.

ಗೊಂದಲಗಾರ ಅವರೇ, ನಿಮ್ಮ ಚಾರ್ಜಿಂಗ್ ಕಥೆಗೆ ನೇರವಾಗಿ ಹೊಂದುವ ಒಂದು ವಿಷಯ ಗಾಯಾದಲ್ಲಿದೆ. 2000ರಲ್ಲಿ ವುಲ್ಡ್ರಿಜ್, ಜೆನ್ನಿಂಗ್ಸ್, ಕಿನ್ನಿ ಮೂವರೂ ಅದನ್ನು ಬರೆದಾಗ ಎಲ್ಲವೂ ಪಾತ್ರಗಳ ಸುತ್ತಲೇ ಇತ್ತು. ಮೊದಲು ಏಜೆಂಟ್ ಅನ್ನಬೇಡ, ಪಾತ್ರ ಅನ್ನು. ಪ್ರತಿ ಪಾತ್ರಕ್ಕೂ ಒಂದು ಪಟ್ಟಿ. ಅದಕ್ಕೆ ಏನನ್ನು ಓದಲು, ಬದಲಿಸಲು ಅನುಮತಿ ಇದೆ, ಅದು ಯಾವುದನ್ನು ಮಾಡುತ್ತಲೇ ಇರಬೇಕು, ಯಾವುದು ಎಂದೂ ಆಗಬಾರದು, ಯಾರ ಜೊತೆ ಯಾವ ಮಾತುಕತೆ. ಏಜೆಂಟ್ ಬರುವುದು ಆಮೇಲೆ, ವಿನ್ಯಾಸದಲ್ಲಿ. ಎರಡು ಮೂರು ಪಾತ್ರ ಒಂದೇ ಏಜೆಂಟ್‌ಗೆ ಹೋಗಬಹುದು. ನೀವು ನೇರ ಎರಡನೇ ಮೆಟ್ಟಿಲಿಗೆ ಹಾರಿದ್ದೀರಿ.

ಆದರೆ ಆ ಮೊದಲ ಗಾಯಾದಿಂದ ನಿಮ್ಮ 31 ರೋಬೋಟ್ ಸರಿಹೋಗುವುದಿಲ್ಲ. ಯಾಕೆಂದರೆ 'ಆರಕ್ಕಿಂತ ಹೆಚ್ಚು ರೋಬೋಟ್ ಒಟ್ಟಿಗೆ ಚಾರ್ಜ್‌ಗೆ ಹೋಗಬಾರದು' ಅನ್ನುವ ನಿಯಮವನ್ನು ಯಾವ ರೋಬೋಟಿನ ಪಟ್ಟಿಯಲ್ಲಿ ಬರೆಯುತ್ತೀರಿ? ಅದು ಯಾರೊಬ್ಬರದೂ ಅಲ್ಲ, ಎಲ್ಲರದೂ. 2003ರಲ್ಲಿ ಝಾಂಬೊನೆಲ್ಲಿ ಜೊತೆ ಸೇರಿ ಗಾಯಾವನ್ನು ಹಿಗ್ಗಿಸಿದಾಗ ಇದಕ್ಕೇ ಅಂತ ಜಾಗ ಮಾಡಿದರು. ಇಡೀ ಸಂಸ್ಥೆಗೆ ಅನ್ವಯಿಸುವ ನಿಯಮಗಳು, ಜೊತೆಗೆ ಪರಿಸರದ ಮಾದರಿ. ಚಾರ್ಜಿಂಗ್ ಪಾಯಿಂಟ್ ನಿಮ್ಮ ಪರಿಸರದ ಭಾಗ. ಅದನ್ನು ಎಲ್ಲೂ ಬರೆದೇ ಇರಲಿಲ್ಲ ಅಲ್ವಾ?

ಗೊಂದಲಗಾರ
ಇಲ್ಲ ಮೇಡಂ. ಪಾಯಿಂಟ್ ಎಲ್ಲಿದೆ ಅನ್ನುವುದು ಕಾನ್ಫಿಗ್ ಫೈಲ್‌ನಲ್ಲಿ ಒಂದು ಅಂಕಿ ಅಷ್ಟೇ. ಎಷ್ಟಿವೆ ಅಂತ ರೋಬೋಟ್‌ಗೆ ಗೊತ್ತೇ ಇಲ್ಲ.

ಕೋಡುಬಳಗ
ಸುಮ್ನೆ ರ್‍ಯಾಂಡಮ್ ಸೇರಿಸಿ. ಒಂದಕ್ಕೆ 30, ಒಂದಕ್ಕೆ 35, ಒಂದಕ್ಕೆ 27. ಸಾಲು ಚದುರುತ್ತದೆ. ಐದು ನಿಮಿಷದ ಕೆಲಸಕ್ಕೆ ಪದ್ಧತಿ ಯಾಕೆ?

ಹಳೇಜಾವಾ
ಚದುರುತ್ತದೆ. 40 ಹೋಗಿ 80 ಆಗುವವರೆಗೆ.

ಕೋಡುಬಳಗ
ಆಗ ನೋಡಿಕೊಂಡರಾಯಿತು ಗುರು. ಇಲ್ಲದ ರೋಬೋಟ್‌ಗೆ ಈಗಲೇ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಮೌನಿ
ಒಂದು ಪ್ರಶ್ನೆ, ವಿಷಯಾಂತರ ಅನ್ನಿಸಿದರೆ ಬಿಡಿ. ಏಜೆಂಟ್‌ಗೆ ಕನ್ನಡದಲ್ಲಿ ಏನನ್ನೋಣ? ಪ್ರತಿನಿಧಿ ಅಂದರೆ ಇನ್ನೊಬ್ಬರ ಪರವಾಗಿ ಬಂದವರು ಅನ್ನಿಸುತ್ತದೆ.

ರಾತ್ರಿಪಾಳಿ
ದಲ್ಲಾಳಿ.

ಮೌನಿ
😂 ಬಹುದಲ್ಲಾಳಿ ವ್ಯವಸ್ಥೆ!

ಅಕ್ಷರಪ್ರಿಯ
ನಗಬೇಡಿ, ಪ್ರಶ್ನೆ ಒಳ್ಳೆಯದೇ. ಇಲ್ಲಿ ಏಜೆಂಟ್ ಅಂದರೆ ಮಾಡುವವನು ಅಂತ. ಮಾಡುಗ ಅನ್ನಬಹುದು. ಕರ್ತೃ ಅಂದರೆ ವ್ಯಾಕರಣದ ಪಾಠ ನೆನಪಾಗುತ್ತದೆ.

ಶೂನ್ಯಸೂಚಿ
ಏಜೆಂಟ್ ಅಂತಲೇ ಬಿಡಿ ಸ್ವಾಮಿ. ವಿಮೆ ಮಾರುವವರಿಗೂ ಅದೇ ಅಂತೀವಿ, ಯಾರಿಗೂ ಗೊಂದಲ ಆಗಿಲ್ಲ.

ಬೀಡಿಐಭಕ್ತ
ಗಾಯಾ ಬಗ್ಗೆ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಒಂದು ವಿಷಯ ಮುಚ್ಚಿಟ್ಟಿದ್ದಾರೆ, ಗಾಯಾ ಅರ್ಧ ದಾರಿಗೇ ಕೈ ಬಿಡುತ್ತದೆ. ಕೋಡ್ ಹತ್ತಿರ ಬರುವುದೇ ಇಲ್ಲ. ಏಜೆಂಟ್ ಒಳಗೆ ಏನಿರಬೇಕು ಅಂತ ಅದಕ್ಕೆ ಬೇಕಾಗಿಲ್ಲ. ಬೇಕಂತಲೇ ಹಾಗೆ ಮಾಡಿದ್ದು, ಯಾವ ತಂತ್ರಜ್ಞಾನಕ್ಕೂ ಕಟ್ಟುಬೀಳಬಾರದು ಅಂತ. ಆದರೆ ಸೋಮವಾರ ಬೆಳಿಗ್ಗೆ ಎಡಿಟರ್ ತೆರೆದು ಕೂತವನಿಗೆ ಅದರಿಂದ ಏನು ಲಾಭ?

ನಾನು ಪ್ರೊಮೀಥಿಯಸ್ ಕಡೆಯವನು. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ಯಾಡ್ಗಮ್ ಮತ್ತು ವಿನಿಕಾಫ್ ಬೆಳೆಸಿದ್ದು, ಪುಸ್ತಕ ಬಂದದ್ದು 2004ರಲ್ಲಿ. ಅದು ಶುರುವಾಗುವುದೇ ಗುರಿ, ಸನ್ನಿವೇಶ, ಹೊರಗಿಂದ ಏನು ಕಾಣುತ್ತದೆ, ಹೊರಗೆ ಏನು ಮಾಡಬಹುದು ಅನ್ನುವುದರಿಂದ. ಆಮೇಲೆ ಕೆಲಸಗಳನ್ನು ಗುಂಪು ಮಾಡುತ್ತೀರಿ. ಯಾವ ಯಾವ ಕೆಲಸ ಒಂದೇ ಡೇಟಾ ಮುಟ್ಟುತ್ತವೆ ಅಂತ ಗೆರೆ ಎಳೆಯುವ ಒಂದು ಚಿತ್ರ ಇದೆ. ಅದನ್ನು ಬರೆದ ದಿನ ನಮ್ಮ ಏಜೆಂಟ್ ಬಗೆ ಒಂಬತ್ತರಿಂದ ನಾಲ್ಕಕ್ಕೆ ಇಳಿಯಿತು, ಜಗಳ ಇಲ್ಲದೆ. ಕೊನೆಗೆ ಪ್ರತಿ ಏಜೆಂಟ್ ಒಳಗೆ ಯಾವ ಘಟನೆಗೆ ಯಾವ ಪ್ಲ್ಯಾನ್ ಅನ್ನುವವರೆಗೂ ಇಳಿಯುತ್ತದೆ. ಏಜೆಂಟ್ ಬರೆಯಲಿಕ್ಕೆ ಅಂತಲೇ ಇರುವ ಜೇಸನ್ ಅಥವಾ ಜ್ಯಾಕ್‌ನಲ್ಲಿ ಬರೆಯುವವರಿಗೆ ಅಲ್ಲಿಂದ ಕೋಡ್ ಒಂದೇ ಹೆಜ್ಜೆ.

ಮೌನಿ
ನಿಮ್ಮ ಹೆಸರಲ್ಲಿರುವ ಬೀಡಿಐ ಅಂದರೆ?

ಬೀಡಿಐಭಕ್ತ
ನಂಬಿಕೆ, ಬಯಕೆ, ಸಂಕಲ್ಪ. ರೋಬೋಟ್ ಏನು ನಿಜ ಅಂದುಕೊಂಡಿದೆ, ಏನು ಆಗಬೇಕು ಅಂತ ಇದೆ, ಅದರಲ್ಲಿ ಯಾವುದಕ್ಕೆ ಕೈ ಹಾಕಿದೆ. ಬ್ರಾಟ್‌ಮನ್ ಅನ್ನುವ ತತ್ವಶಾಸ್ತ್ರಜ್ಞರ 1987ರ ವಿಚಾರ. ರಾವ್ ಮತ್ತು ಜಾರ್ಜೆಫ್ ಅದನ್ನು ಕಂಪ್ಯೂಟರ್‌ಗೆ ತಂದರು. 1996ರಲ್ಲಿ ರಾವ್ ಬರೆದ ಏಜೆಂಟ್‌ಸ್ಪೀಕ್ ಭಾಷೆಯ ಮೇಲೆಯೇ ಜೇಸನ್ ನಿಂತಿರುವುದು.

ಪಾಠದಮೇಡಂ
ಮುಚ್ಚಿಡಲಿಲ್ಲ ಮಾರಾಯರೇ, ಅಲ್ಲಿವರೆಗೆ ಇನ್ನೂ ಬಂದಿರಲಿಲ್ಲ! ಗಾಯಾ ಬರೆದವರೇ ಮಿತಿಗಳನ್ನು ಮೊದಲೇ ಹೇಳಿಕೊಂಡಿದ್ದರು. ಏಜೆಂಟ್ ಬಗೆಗಳು ನೂರರೊಳಗೆ, ಅವುಗಳ ಸಂಬಂಧ ಓಡುವಾಗ ಬದಲಾಗುವುದಿಲ್ಲ, ಎಲ್ಲರೂ ಒಂದೇ ಗುರಿಗೆ ದುಡಿಯುತ್ತಾರೆ. ಹೀಗೆ ಹೇಳಿಕೊಳ್ಳುವ ಪ್ರಾಮಾಣಿಕತೆ ಈಗಿನ ಫ್ರೇಮ್‌ವರ್ಕ್‌ಗಳ ಮುಖಪುಟದಲ್ಲಿ ಕಾಣುವುದಿಲ್ಲ.

ಹಳೇಜಾವಾ
ಪದ್ಧತಿ ಇದ್ದರೂ ಕೈಕೊಡುವ ಜಾಗ ಒಂದು ಹೇಳುತ್ತೇನೆ. ಜೇಡ್ ಅನ್ನುವ ಜಾವಾ ಏಜೆಂಟ್ ಫ್ರೇಮ್‌ವರ್ಕ್‌ನಲ್ಲಿ ಬರೆಯುತ್ತಿದ್ದ ಕಾಲ. ಅಲ್ಲಿ ಒಂದು ಏಜೆಂಟ್‌ಗೆ ಒಂದೇ ಥ್ರೆಡ್, ಅಂದರೆ ಒಂದು ಹೊತ್ತಿಗೆ ಒಂದೇ ಕೆಲಸ. ಅದರೊಳಗೆ ಎಷ್ಟು ಬಿಹೇವಿಯರ್ (ಒಂದೊಂದು ಕೆಲಸದ ಕೋಡ್) ಇದ್ದರೂ ಸರತಿಯಲ್ಲಿ ಓಡಬೇಕು, ಒಂದು ತಾನಾಗಿ ಮುಗಿಸಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಅವಕಾಶ. ನಮ್ಮ ಹೊಸ ಹುಡುಗ ಒಂದು ಬಿಹೇವಿಯರ್‌ನಲ್ಲಿ, ಸ್ವಲ್ಪ ಹೊತ್ತು ಕಾಯಲಿ ಅಂತ, ಸ್ಲೀಪ್ ಹಾಕಿದ. ಇಡೀ ಏಜೆಂಟ್ ಗೊರಕೆ ಹೊಡೆಯಿತು. ಬೈದು ಬ್ಲಾಕ್ ಹಾಕು ಅಂದೆ. ಹಾಕಿದ, ಆದರೆ ಬ್ಲಾಕ್ ಕರೆದ ಸಾಲಿನಲ್ಲೇ ನಿಂತು ಕಾಯುತ್ತದೆ ಅಂದುಕೊಂಡು ಕೆಳಗಿನ ಸಾಲಿನಲ್ಲಿ ಮೆಸೇಜ್ ಬಂದಿದೆ ಅಂತಲೇ ಬರೆದ. ಬ್ಲಾಕ್ ಅಲ್ಲಿ ನಿಲ್ಲುವುದೇ ಇಲ್ಲ! ಆಕ್ಷನ್ ಪೂರ್ತಿ ಓಡಿ ಮುಗಿದ ಮೇಲೆ, ಮುಂದಿನ ಮೆಸೇಜ್ ಬರುವವರೆಗೆ ಈ ಬಿಹೇವಿಯರ್‌ನ ಎಬ್ಬಿಸಬೇಡಿ ಅಂತ ಗುರುತು ಹಾಕುತ್ತದೆ ಅಷ್ಟೇ. ಖಾಲಿ ಮೆಸೇಜ್ ಓದಲು ಹೋಗಿ ಏಜೆಂಟ್ ಸತ್ತಿತು. ಎರಡು ದಿನ ಹೋಯಿತು. ಗೋಡೆ ಮೇಲೆ ಚಂದದ ಪಾತ್ರದ ಪಟ್ಟಿ ಅಂಟಿಸಿದ್ದೆವು, ಅದು ನಮ್ಮನ್ನು ನೋಡುತ್ತಾ ಇತ್ತು.

ಕೋಡುಬಳಗ
ಅದಕ್ಕೇ ಹೇಳಿದ್ದು. ಗೋಡೆಗೆ ಅಂಟಿಸಿದ್ದು ಗೋಡೆಗೇ ಇರುತ್ತದೆ.

ಸಂಜೆಮಲ್ಲಿ
ನಾನು ಈಗಿನ ಭಾಷಾ ಮಾಡೆಲ್ ಏಜೆಂಟ್‌ಗಳ ಕೆಲಸ ಮಾಡುತ್ತೇನೆ. ಇಲ್ಲಿ ಹೇಳುತ್ತಿರುವ ಹಳೆಯ ಹೆಸರು ಒಂದೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮದು 'ಯೋಜಕ', 'ಬರೆಯುವವ', 'ಪರೀಕ್ಷಕ' ಅಂತ ಮೂರು ಪ್ರಾಂಪ್ಟ್ (ಮಾಡೆಲ್‌ಗೆ ಕೊಡುವ ಸೂಚನೆ), ಒಂದರ ಉತ್ತರ ಇನ್ನೊಂದಕ್ಕೆ. ಚೆನ್ನಾಗಿಯೇ ನಡೆಯುತ್ತಿದೆ. ಪ್ಲ್ಯಾನ್ ಮೊದಲೇ ಬರೆದಿಡಬೇಕಿಲ್ಲ, ಮಾಡೆಲ್ ಆಗಲೇ ಕಟ್ಟಿಕೊಳ್ಳುತ್ತದೆ. ಹಾಗಿದ್ದ ಮೇಲೆ ಈ ಪದ್ಧತಿಗಳು ಯಾರಿಗೆ?

ಶೂನ್ಯಸೂಚಿ
ಒಂದೇ ತಲೆಗೆ ಮೂರು ಟೋಪಿ.

ಹಳೇಜಾವಾ
ಪರೀಕ್ಷಕ 'ಇದು ಸರಿ ಇಲ್ಲ' ಅಂದರೆ ಎಷ್ಟು ಸಲ ವಾಪಸ್ ಹೋಗುತ್ತದೆ? ಕೊನೆ ಮಾತು ಯಾರದ್ದು?

ಸಂಜೆಮಲ್ಲಿ
ಮೊದಲು ಮಿತಿ ಇರಲಿಲ್ಲ. ಒಂದು ರಾತ್ರಿ ಒಂದೇ ಫೈಲ್‌ಗೆ ಇವೆರಡೂ ಕೂತು ಬೆಳಗಾಗುವವರೆಗೆ ಆಡಿಕೊಂಡವು. ಪರೀಕ್ಷಕ ಒಂದು ಸಾಲು ತೆಗಿ ಅನ್ನುತ್ತದೆ, ಬರೆಯುವವ 'ಒಳ್ಳೆಯ ಸಲಹೆ, ಧನ್ಯವಾದ' ಅಂತ ತೆಗೆಯುತ್ತದೆ, ಮುಂದಿನ ಸುತ್ತಿನಲ್ಲಿ ಅದೇ ಸಾಲು ಯಾಕಿಲ್ಲ ಅಂತ ಪರೀಕ್ಷಕ ಕೇಳುತ್ತದೆ, ಬರೆಯುವವ ಮತ್ತೆ ಧನ್ಯವಾದ ಹೇಳಿ ಹಾಕುತ್ತದೆ. ಬಿಲ್ ಬಂದಾಗ ಗೊತ್ತಾಯಿತು. ಈಗ ಮೂರು ಸಲಕ್ಕೆ ನಿಲ್ಲಿಸಿದ್ದೇವೆ.

ರಾತ್ರಿಪಾಳಿ
ಸಭ್ಯಸ್ಥ ಏಜೆಂಟ್‌ಗಳು.

ಪಾಠದಮೇಡಂ
ಸಂಜೆಮಲ್ಲಿ, ನಿಮ್ಮ ಪ್ರಶ್ನೆಗೆ ನಿಮ್ಮ ಕಥೆಯಲ್ಲೇ ಉತ್ತರ ಇದೆ. ಮಾತುಕತೆ ಎಲ್ಲಿ ಮುಗಿಯಬೇಕು ಅಂತ ಮೊದಲೇ ಬರೆಯುವುದು ಹಳೆಯವರ ದೊಡ್ಡ ತಲೆನೋವಾಗಿತ್ತು. ಡಿಲೋಚ್ ಅವರ ಮಾಸೆಯಲ್ಲಿ ಪ್ರತಿ ಸಂಭಾಷಣೆಗೂ ಯಾವ ಹಂತದಿಂದ ಯಾವ ಹಂತಕ್ಕೆ ಅಂತ ತೋರಿಸುವ ಎರಡು ಸ್ಥಿತಿಚಿತ್ರ ಬರೆಯಬೇಕು, ಶುರು ಮಾಡಿದವರದ್ದು ಒಂದು, ಉತ್ತರಿಸುವವರದ್ದು ಒಂದು. ಅವರ ಏಜೆಂಟ್‌ಟೂಲ್ ಅನ್ನುವ ಉಪಕರಣ ಅದನ್ನು ಸ್ಪಿನ್ ಅನ್ನುವ ತಪಾಸಣೆಯ ಸಾಫ್ಟ್‌ವೇರ್‌ಗೆ ಕೊಟ್ಟು ಎಲ್ಲಾದರೂ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುತ್ತಾರಾ ಅಂತ ನೋಡುತ್ತಿತ್ತು.

ಇನ್ನು ಅನುಮತಿಯ ಸಾಲು. ಗಾಯಾ ಪಟ್ಟಿಯಲ್ಲಿ ಅದು ಸಪ್ಪೆಯಾಗಿ ಕಾಣುತ್ತದೆ. ಆದರೆ ನಿಮ್ಮ ಮಾಡೆಲ್ ಏನು ಪ್ಲ್ಯಾನ್ ಮಾಡುತ್ತದೆ ಅಂತ ಮೊದಲೇ ಗೊತ್ತಿಲ್ಲದಿದ್ದಾಗ, ಅದು ಯಾವ ಟೂಲ್ ಮುಟ್ಟಬಹುದು ಅನ್ನುವ ಒಂದು ಸಾಲೇ ನಿಮ್ಮ ಕೈಯಲ್ಲಿರುವ ಗಟ್ಟಿ ಹಿಡಿತ. ಪರೀಕ್ಷಕನಿಗೆ ಫೈಲ್ ಬರೆಯುವ ಅನುಮತಿ ಇದೆಯಾ ನಿಮ್ಮಲ್ಲಿ?

ಸಂಜೆಮಲ್ಲಿ
...ಇದೆ. ಮೂವರಿಗೂ ಎಲ್ಲಾ ಟೂಲ್ ಕೊಟ್ಟಿದ್ದೇವೆ. ಈಗಲೇ ಹೋಗಿ ತೆಗೆಯುತ್ತೇನೆ.

ಬೀಡಿಐಭಕ್ತ
ಆದರೂ ಸಂಜೆಮಲ್ಲಿ ಹೇಳಿದ್ದರಲ್ಲಿ ಹುರುಳಿದೆ, ಒಪ್ಪಬೇಕು. ನಮ್ಮಲ್ಲಿ ಪ್ಲ್ಯಾನ್‌ಗಳು ಕಣ್ಣೆದುರು ಇರುತ್ತವೆ, ಆದರೂ ಪರೀಕ್ಷೆ ಮಾಡಿ ಮುಗಿಸಲು ಆಗಲ್ಲ. ಒಂದು ಪ್ಲ್ಯಾನ್ ಸೋತರೆ ಇನ್ನೊಂದು ಅಂತ ಬರೆದಿರುತ್ತೇವಲ್ಲ, ಅಲ್ಲೇ ದಾರಿಗಳು ಕವಲೊಡೆದು ಲೆಕ್ಕಕ್ಕೆ ಸಿಗದಷ್ಟು ಆಗಿಬಿಡುತ್ತವೆ. ವಿನಿಕಾಫ್ ಮತ್ತು ಕ್ರೇನ್‌ಫೀಲ್ಡ್ 2014ರಲ್ಲಿ ಇದನ್ನೇ ಎಣಿಸಿ ತೋರಿಸಿದರು. ಪ್ರೊಮೀಥಿಯಸ್ ಕಟ್ಟಿದವರಲ್ಲಿ ಒಬ್ಬರೇ ಹೀಗೆ ಬರೆದಾಗ ನನಗೆ ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕೆಂದರೆ.

ಅಕ್ಷರಪ್ರಿಯ
ಟ್ರೋಪೋಸ್ ಬಗ್ಗೆ ಯಾರೂ ಮಾತಾಡಲೇ ಇಲ್ಲ.

ಪಾಠದಮೇಡಂ
ಅದು ಇನ್ನೂ ಹಿಂದಿನಿಂದ ಶುರು. ಸಾಫ್ಟ್‌ವೇರ್ ಬರುವ ಮೊದಲು ಯಾರು ಯಾರನ್ನು ಯಾವುದಕ್ಕೆ ನೆಚ್ಚಿಕೊಂಡಿದ್ದಾರೆ ಅಂತ ಬರೆಯುವುದು. ಎರಿಕ್ ಯೂ ಅವರ ಐ-ಸ್ಟಾರ್ ಚಿತ್ರಗಳ ಮೇಲೆ ಕಟ್ಟಿದ್ದು. ಗೊಂದಲಗಾರ ಅವರಿಗೆ ಗಿರಾಕಿ ಏನು ಕೇಳುತ್ತಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ ಅದು ಬೇಕು. ಇಲ್ಲಿ ಅದು ಸ್ಪಷ್ಟ ಇದ್ದ ಹಾಗಿದೆ.

ಗೊಂದಲಗಾರ
ಅದು ಸ್ಪಷ್ಟ ಇದೆ ಮೇಡಂ. ಆರ್ಡರ್ ಹೋಗಬೇಕು ಅಷ್ಟೇ 🙂

ನಿನ್ನೆ ನಾಲ್ವರೂ ಕೂತು ಪಾತ್ರದ ಪಟ್ಟಿ ಬರೆಯಲು ನೋಡಿದೆವು. ಒಂದನ್ನು ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

ಪಾತ್ರ: ಚಾರ್ಜಿಂಗ್ ಉಸ್ತುವಾರಿ
ಅನುಮತಿ: ಪ್ರತಿ ರೋಬೋಟಿನ ಬ್ಯಾಟರಿ ಮಟ್ಟ ಓದಬಹುದು. ಸರತಿ ಪಟ್ಟಿ ಬದಲಿಸಬಹುದು. ಆರ್ಡರ್ ಪಟ್ಟಿ ಮುಟ್ಟುವಂತಿಲ್ಲ.
ಮಾಡುತ್ತಲೇ ಇರಬೇಕು: ಕೇಳಿದ ರೋಬೋಟ್‌ಗೆ ಜಾಗ ಕೊಡಬೇಕು, ಇಲ್ಲದಿದ್ದರೆ ಕಾಯುವ ಸಮಯ ಹೇಳಬೇಕು. ಉತ್ತರ ಕೊಡದೆ ಬಿಡಬಾರದು.
ಎಂದೂ ಆಗಬಾರದು: ಇರುವ ಪಾಯಿಂಟ್‌ಗಿಂತ ಹೆಚ್ಚು ರೋಬೋಟ್‌ಗೆ ಜಾಗ ಕೊಡುವುದು.

'ಸಮನ್ವಯ ಏಜೆಂಟ್'ಗೂ ಬರೆಯಲು ಕೂತೆವು. ಅನುಮತಿ ಕಡೆ ಎಲ್ಲವೂ ಬಂತು, ಮಾಡಬೇಕಾದ್ದರ ಕಡೆ ಒಂದು ಸಾಲೂ ಬರಲಿಲ್ಲ. ತೆಗೆದು ಹಾಕಿದೆವು. ಲಾಗ್ ಏಜೆಂಟ್ ಫಂಕ್ಷನ್ ಆಯಿತು. ಈಗ ನಾಲ್ಕು ಬಗೆ ಉಳಿದಿವೆ.

ಕೋಡುಬಳಗ
ಉಸ್ತುವಾರಿ ಬಿದ್ದರೆ?

ಗೊಂದಲಗಾರ
ಅದೇ ಈಗ ಜಗಳ. ನಾನು 'ಹತ್ತು ಸೆಕೆಂಡ್ ಉತ್ತರ ಬಾರದಿದ್ದರೆ ರೋಬೋಟ್ ತನ್ನ ಹಳೆ ನಿಯಮಕ್ಕೆ ಹೋಗಲಿ, ನೀವು ಹೇಳಿದ ರ್‍ಯಾಂಡಮ್ ಜೊತೆ' ಅಂದೆ.

ಕೋಡುಬಳಗ
ನೋಡಿ, ಕೊನೆಗೆ ನನ್ನ ಐದು ನಿಮಿಷದ ಕೆಲಸವೇ ಕಾಪಾಡಿದ್ದು 😎

ಹಳೇಜಾವಾ
ಆಯಿತಪ್ಪ, ಒಪ್ಪಿದೆ. ಪಟ್ಟಿ ಚೆನ್ನಾಗಿದೆ ಗೊಂದಲಗಾರ. ಆರ್ಡರ್ ಹಂಚುವುದು ಹೇಗೆ ನಿಮ್ಮಲ್ಲಿ? ಹರಾಜಾ?

ಗೊಂದಲಗಾರ
ಹೌದು ಸರ್. ಆರ್ಡರ್ ಏಜೆಂಟ್ ಕೂಗುತ್ತದೆ, ರೋಬೋಟ್‌ಗಳು ತಾವು ಎಷ್ಟು ದೂರ ಇದ್ದೇವೆ ಅಂತ ಹೇಳುತ್ತವೆ, ಹತ್ತಿರದ್ದಕ್ಕೆ ಕೆಲಸ.

ಹಳೇಜಾವಾ
ಅದು ಕಾಂಟ್ರ್ಯಾಕ್ಟ್ ನೆಟ್. ರೀಡ್ ಸ್ಮಿತ್ 1980ರಲ್ಲಿ ಬರೆದದ್ದು, ಏಜೆಂಟ್‌ಗಳಿಗೆ ಮಾನದಂಡ ಬರೆದ ಫೀಪಾ ಸಂಸ್ಥೆಯವರು ಆಮೇಲೆ ಅದನ್ನೂ ಸೇರಿಸಿದರು. ಒಂದು ಗುಂಡಿ ಇದೆ, ಈಗಲೇ ತೋರಿಸುತ್ತೇನೆ. ಎರಡು ಆರ್ಡರ್ ಒಟ್ಟಿಗೆ ಕೂಗಿದವು ಅಂದುಕೊಳ್ಳಿ. 17ನೇ ರೋಬೋಟ್ ಎರಡಕ್ಕೂ ಹತ್ತಿರ, ಎರಡಕ್ಕೂ ಬೆಲೆ ಹೇಳುತ್ತದೆ, ಎರಡನ್ನೂ ಗೆಲ್ಲುತ್ತದೆ. ಒಂದು ಮಾಡುತ್ತದೆ. ಇನ್ನೊಂದು ಆರ್ಡರ್ 'ಕೊಟ್ಟಾಯಿತು' ಅಂತ ಆರಾಮಾಗಿ ಕೂತಿರುತ್ತದೆ. ಯಾರ ಲಾಗ್‌ನಲ್ಲೂ ತಪ್ಪು ಬರುವುದಿಲ್ಲ. ಬೆಲೆ ಹೇಳಿದ ಮೇಲೆ ರೋಬೋಟ್ ಎಷ್ಟು ಹೊತ್ತು ಆ ಮಾತಿಗೆ ಕಟ್ಟುಬಿದ್ದಿದೆ, ಗೆದ್ದ ಮೇಲೂ 'ಈಗ ಆಗಲ್ಲ' ಅನ್ನಬಹುದಾ, ಅಂದರೆ ಆರ್ಡರ್ ಮತ್ತೆ ಕೂಗಬೇಕಾ, ಇದನ್ನೆಲ್ಲ ಬರೆದಿದ್ದೀರಾ?

ಗೊಂದಲಗಾರ
ಸಿಮ್ಯುಲೇಟರ್‌ನಲ್ಲಿ ಆಗಾಗ ಒಂದೆರಡು ಆರ್ಡರ್ ಮಾಯ ಆಗುತ್ತವೆ. ನೆಟ್‌ವರ್ಕ್ ಅಂದುಕೊಂಡಿದ್ದೆವು.

ಹಳೇಜಾವಾ
ಸಿಮ್ಯುಲೇಟರ್‌ನಲ್ಲಿ ಯಾವ ನೆಟ್‌ವರ್ಕ್ ಮಾರಾಯ?

ಗೊಂದಲಗಾರ
😶 ಬಂದೆ ತಡೀರಿ.

ಮೌನಿ
ಮಾಡುಗ ಚೆನ್ನಾಗಿದೆ ಅನ್ನಿಸುತ್ತಿದೆ. ಹಾಗಾದರೆ ಬೀಡಿಐಗೆ ಏನು, ನಂಬಸಂ?

ರಾತ್ರಿಪಾಳಿ
ಇದನ್ನು ಬೇರೆ ದಾರದಲ್ಲಿ ಶುರು ಮಾಡಿ, ನಾನೂ ಬರುತ್ತೇನೆ.

ಗೊಂದಲಗಾರ
ಸಿಕ್ಕಿತು. 17 ಅಲ್ಲ, 22ನೇ ರೋಬೋಟ್. ಒಂದೇ ಕ್ಷಣದಲ್ಲಿ ಮೂರು ಹರಾಜು ಗೆದ್ದಿದೆ.